ದೇಹದ ಮೇಲೆ ಹೊರಿಸಿದ ತಪ್ಪು

ಒಂದು ಸಮುದಾಯದವರು ಇನ್ನೊಂದು ಸಮುದಾಯದವರಿಗಿಂತ ಬೇಗ ಸಾಯುತ್ತಾರೆ, ಅಥವಾ ಒಂದೇ ಕಾಯಿಲೆಯಿಂದ ಹೆಚ್ಚು ನರಳುತ್ತಾರೆ ಎಂಬ ಅಂಕಿಅಂಶ ಎದುರಿಗೆ ಬಂದಾಗ, ಆ ಜನರ ದೇಹದಲ್ಲಿ ಏನು ಕೊರತೆಯಿದೆ ಎಂಬ ಪ್ರಶ್ನೆಯನ್ನೇ ವೈದ್ಯವಿಜ್ಞಾನ ಬಹುಕಾಲದಿಂದ ಮೊದಲು ಕೇಳುತ್ತ ಬಂದಿದೆ. ಆ ದೇಹವನ್ನು ಯಾರು ಹೇಗೆ ನಡೆಸಿಕೊಂಡರು ಎಂಬ ಪ್ರಶ್ನೆ ತಡವಾಗಿ ಬರುತ್ತದೆ. ಅನೇಕ ಸಲ ಬರುವುದೇ ಇಲ್ಲ. ವರ್ಣಭೇದ ಆರೋಗ್ಯವನ್ನು ಕೆಡಿಸುತ್ತದೆ ಎಂಬ ಮಾತನ್ನು ಈಗ ಬಹುತೇಕರು ಒಪ್ಪುತ್ತಾರೆ. ಆದರೆ ಹಾಗೆ ಕೆಟ್ಟ ಆರೋಗ್ಯವನ್ನು ಆ ಜನರ ಹುಟ್ಟುಗುಣವೆಂದು ಬರೆದುಕೊಳ್ಳುವ ಸೂತ್ರಗಳೂ ಉಪಕರಣಗಳೂ ಆಸ್ಪತ್ರೆಯೊಳಗೇ ಇವೆ ಎಂಬುದು ಅಷ್ಟಾಗಿ ಚರ್ಚೆಯಾಗಿಲ್ಲ. ನಾನು ಇಲ್ಲಿ ಮುಖ್ಯವಾಗಿ ಬರೆಯಬೇಕೆಂದಿರುವುದು ಆ ಎರಡನೆಯ ಸಂಗತಿಯ ಬಗ್ಗೆ. ಉದಾಹರಣೆಗಳು ಹೆಚ್ಚಾಗಿ ಅಮೆರಿಕದವು. ತಾರತಮ್ಯ ಅಲ್ಲಿ ಮಾತ್ರ ಇದೆಯೆಂದೇನೂ ಅಲ್ಲ, ಅಲ್ಲಿ ಅದರ ದಾಖಲೆ ಹೆಚ್ಚಾಗಿ ಸಿಗುತ್ತದೆ, ಅಷ್ಟೇ.

ಮೊದಲು ವಂಶವಾಹಿಯ ವಾದವನ್ನು ನೋಡೋಣ. ಅಮೆರಿಕದ ಕಪ್ಪು ತಾಯಂದಿರಿಗೆ ಹುಟ್ಟುವ ಮಕ್ಕಳ ತೂಕ ಬಿಳಿಯ ತಾಯಂದಿರ ಮಕ್ಕಳ ತೂಕಕ್ಕಿಂತ ಸರಾಸರಿಯಲ್ಲಿ ಕಡಿಮೆ, ಮತ್ತು ಕಡಿಮೆ ತೂಕ ಶಿಶುಮರಣದ ಒಂದು ದೊಡ್ಡ ಕಾರಣ. ಇದು ಆಫ್ರಿಕನ್ ಮೂಲದ ರಕ್ತದ ಗುಣವಾಗಿದ್ದರೆ ಆಫ್ರಿಕದಲ್ಲೇ ಹುಟ್ಟಿ ಬೆಳೆದು ಅಮೆರಿಕಕ್ಕೆ ಬಂದ ಹೆಂಗಸರ ಮಕ್ಕಳಲ್ಲಿ ಇನ್ನೂ ಹೆಚ್ಚಾಗಿ ಕಾಣಬೇಕಿತ್ತು. ರಿಚರ್ಡ್ ಡೇವಿಡ್ ಮತ್ತು ಜೇಮ್ಸ್ ಕಾಲಿನ್ಸ್ ಎಂಬ ಇಬ್ಬರು ಶಿಶುವೈದ್ಯರು ಇಲಿನಾಯ್ ರಾಜ್ಯದ ಜನನ ದಾಖಲೆಗಳನ್ನು ತೆಗೆದು ನೋಡಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಮೆರಿಕದಲ್ಲಿ ಹುಟ್ಟಿದ ಬಿಳಿಯ ತಾಯಂದಿರ ಮಕ್ಕಳ ಸರಾಸರಿ ತೂಕ 3446 ಗ್ರಾಂ, ಆಫ್ರಿಕದಲ್ಲಿ ಹುಟ್ಟಿದ ಕಪ್ಪು ತಾಯಂದಿರ ಮಕ್ಕಳದ್ದು 3333 ಗ್ರಾಂ, ಅಮೆರಿಕದಲ್ಲೇ ಹುಟ್ಟಿದ ಕಪ್ಪು ತಾಯಂದಿರ ಮಕ್ಕಳದ್ದು 3089 ಗ್ರಾಂ. ಆಫ್ರಿಕದಿಂದ ಬಂದವರು ಬಿಳಿಯರ ಸಮೀಪದಲ್ಲಿದ್ದಾರೆ; ತಲೆಮಾರುಗಳಿಂದ ಅಮೆರಿಕದಲ್ಲಿರುವವರು ದೂರದಲ್ಲಿದ್ದಾರೆ. 2002ರಲ್ಲಿ ಕಾಲಿನ್ಸ್ ಮತ್ತು ಸಂಗಡಿಗರು ಮುಂದಿನ ತಲೆಮಾರನ್ನು ನೋಡಿದಾಗ ಚಿತ್ರ ಇನ್ನೂ ಸ್ಪಷ್ಟವಾಯಿತು. ಯೂರೋಪಿನಿಂದ ವಲಸೆ ಬಂದವರ ಮೊಮ್ಮಕ್ಕಳ ಹುಟ್ಟುತೂಕ ಏರಿತ್ತು. ಕಪ್ಪು ವಲಸಿಗರ ಮೊಮ್ಮಕ್ಕಳದ್ದು ಇಳಿದಿತ್ತು. ಒಂದೇ ತಲೆಮಾರಿನಲ್ಲಿ ವಂಶವಾಹಿ ಹೀಗೆ ಬದಲಾಗುವುದಿಲ್ಲ.

ಬದಲಾದದ್ದು ಬದುಕು. ಕೆಲಸಕ್ಕೆ ಅರ್ಜಿ ಹಾಕುವಾಗ, ಬಾಡಿಗೆಗೆ ಮನೆ ಕೇಳುವಾಗ, ಪೊಲೀಸರು ಗಾಡಿ ನಿಲ್ಲಿಸಿದಾಗ ಎದುರಿಗಿರುವವರು ತನ್ನನ್ನು ಹೇಗೆ ನೋಡುತ್ತಾರೋ ಎಂಬ ಎಚ್ಚರದಲ್ಲೇ ಇರಬೇಕಾದ ದೇಹದಲ್ಲಿ ಅಡ್ರಿನಾಲಿನ್ ಮತ್ತು ಕಾರ್ಟಿಸೋಲ್ ಎಂಬ ಹಾರ್ಮೋನುಗಳು ಮತ್ತೆ ಮತ್ತೆ ಏರುತ್ತವೆ. ಅಪಾಯ ಬಂದಾಗ ಓಡಲೋ ಎದುರಿಸಲೋ ನೆರವಾಗಬೇಕಾದ ಈ ವ್ಯವಸ್ಥೆ ವರ್ಷಗಟ್ಟಲೆ ಚಾಲನೆಯಲ್ಲೇ ಉಳಿದರೆ ರಕ್ತದೊತ್ತಡ ಏರುತ್ತದೆ, ರಕ್ತನಾಳಗಳು ಹಾಳಾಗುತ್ತವೆ, ಸಕ್ಕರೆಯ ನಿಯಂತ್ರಣ ತಪ್ಪುತ್ತದೆ. ಸಾರ್ವಜನಿಕ ಆರೋಗ್ಯದ ಸಂಶೋಧಕಿ ಆರ್ಲೀನ್ ಜೆರೋನಿಮಸ್ 1992ರಲ್ಲಿ ಇದನ್ನು ಬಿಸಿಲುಮಳೆಗೆ ಸಿಕ್ಕಿ ಸವೆಯುವ ಕ್ರಿಯೆಗೆ ಹೋಲಿಸಿದ್ದರು. ಅವರನ್ನು ಆ ವಿಚಾರದತ್ತ ತಿರುಗಿಸಿದ್ದು ಒಂದು ವಿಚಿತ್ರ ಅಂಕಿಅಂಶ: ಬಿಳಿಯರಲ್ಲಿ ಹದಿಹರೆಯದ ತಾಯಂದಿರ ಶಿಶುಗಳಿಗಿಂತ ಇಪ್ಪತ್ತು ದಾಟಿದ ತಾಯಂದಿರ ಶಿಶುಗಳು ಹೆಚ್ಚು ಬದುಕುತ್ತಿದ್ದರೆ, ಕಪ್ಪು ಜನರಲ್ಲಿ ಇದು ತಿರುವುಮುರುವಾಗಿತ್ತು. ದೇಹ ಬಲಿಯಬೇಕಾದ ವಯಸ್ಸಿನಲ್ಲಿ ಅದು ಆಗಲೇ ಸವೆಯುತ್ತಿತ್ತು.

ಇದೆಲ್ಲ ಬಡತನದ ಪರಿಣಾಮ, ಬಣ್ಣದ್ದಲ್ಲ ಎನ್ನುವವರಿದ್ದಾರೆ. ಅಮೆರಿಕದಲ್ಲಿ ಪದವಿ ಪಡೆದ ಕಪ್ಪು ತಾಯಿಯ ಶಿಶು ಸಾಯುವ ಸಂಭವ, ಪ್ರೌಢಶಾಲೆಯನ್ನೂ ಮುಗಿಸದ ಬಿಳಿಯ ತಾಯಿಯ ಶಿಶು ಸಾಯುವ ಸಂಭವಕ್ಕಿಂತ ಹೆಚ್ಚು ಎಂಬ ಒಂದು ಸಂಗತಿ ಆ ವಾದಕ್ಕೆ ಸಾಕು. ಅಲ್ಲದೆ ಆ ಬಡತನವೇ ತಾನಾಗಿ ಬಂದದ್ದಲ್ಲ. 1930ರ ದಶಕದಲ್ಲಿ ಅಲ್ಲಿನ ಒಂದು ಸರ್ಕಾರಿ ಗೃಹಸಾಲ ನಿಗಮ ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿ, ಕಪ್ಪು ಜನ ವಾಸಿಸುವ ಬಡಾವಣೆಗಳಿಗೆ ಸಾಲಕ್ಕೆ ಅಪಾಯಕಾರಿ ಎಂದು ಕೆಂಪು ಬಣ್ಣ ಬಳಿಸಿತ್ತು. 2020ರಲ್ಲಿ 108 ನಗರಗಳನ್ನು ಅಳೆದು ನೋಡಿದಾಗ ಆ ಕೆಂಪು ಬಡಾವಣೆಗಳು ಉಳಿದವುಗಳಿಗಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿದ್ದವು, ಏಕೆಂದರೆ ಅಲ್ಲಿ ಮರಗಳು ಕಡಿಮೆ, ಡಾಂಬರು ಮತ್ತು ಕಾಂಕ್ರೀಟು ಹೆಚ್ಚು.

ಈಗ ಉಪಕರಣಗಳ ವಿಷಯ. ಊದಿದ ಉಸಿರಿನ ಪ್ರಮಾಣ ಅಳೆಯುವ ಸ್ಪೈರೋಮೀಟರನ್ನು 1840ರ ದಶಕದಲ್ಲಿ ಲಂಡನ್ನಿನಲ್ಲಿ ಜಾನ್ ಹಚಿನ್ಸನ್ ರೂಪಿಸಿದರು. ಕೆಲವೇ ವರ್ಷಗಳಲ್ಲಿ ಅದು ಗುಲಾಮಗಿರಿಯ ಸಮರ್ಥಕನಾಗಿದ್ದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯನ ಕೈಗೆ ಬಂತು. ಕಪ್ಪು ಜನರ ಶ್ವಾಸಕೋಶದ ಸಾಮರ್ಥ್ಯ ಬಿಳಿಯರದ್ದಕ್ಕಿಂತ ಶೇ. 20ರಷ್ಟು ಕಡಿಮೆ, ಆದ್ದರಿಂದ ಬಲವಂತದ ದುಡಿಮೆ ಅವರ ರಕ್ತಕ್ಕೆ ಒಳ್ಳೆಯದು ಎಂದು ಆತ ಬರೆದ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡಿಹೋಗುವುದೇ ಒಂದು ಮಾನಸಿಕ ರೋಗವೆಂದು 1851ರಲ್ಲಿ ಘೋಷಿಸಿದವನೂ ಇವನೇ. ಆ ರೋಗವನ್ನು ನೆನೆದು ಇವತ್ತು ನಾವು ನಗಬಹುದು, ಆದರೆ ಉಸಿರಿನ ಲೆಕ್ಕ ನಗೆಗೆ ಸಿಗದೆ ಉಳಿದುಕೊಂಡಿತು. ಇಪ್ಪತ್ತನೆಯ ಶತಮಾನದ ಸ್ಪೈರೋಮೀಟರಿನ ತಂತ್ರಾಂಶದಲ್ಲಿ ರೋಗಿ ಕಪ್ಪು ಜನಾಂಗದವನೆಂದು ನಮೂದಿಸಿದರೆ ಸಾಮಾನ್ಯವೆನ್ನುವ ಮಟ್ಟ ತಾನಾಗಿಯೇ ಶೇ. 10ರಿಂದ 15ರಷ್ಟು ಕೆಳಗಿಳಿಯುತ್ತಿತ್ತು. ಹೊಗೆ ಮತ್ತು ದೂಳಿನ ಕೆಲಸಗಳಿಗೆ ಕಪ್ಪು ಜನರನ್ನೇ ತಳ್ಳಿದ ಸಮಾಜದಲ್ಲಿ ಅವರ ಶ್ವಾಸಕೋಶ ಹಾಳಾಗಿದ್ದರೆ, ಹಾಳಾದ ಆ ಸ್ಥಿತಿಯೇ ಅವರಿಗೆ ಸಹಜವೆಂದು ಯಂತ್ರ ಒಪ್ಪಿಕೊಂಡಂತಾಯಿತು. 1999ರಲ್ಲಿ ಬಾಲ್ಟಿಮೋರಿನಲ್ಲಿ ಆಸ್ಬೆಸ್ಟಾಸ್‌ನಿಂದ ಕಾಯಿಲೆ ಬಿದ್ದ ಕಾರ್ಮಿಕರು ಪರಿಹಾರ ಕೇಳಿದಾಗ, ಕಪ್ಪು ಕಾರ್ಮಿಕರ ಉಸಿರಾಟ ಬಿಳಿಯ ಕಾರ್ಮಿಕರದ್ದಕ್ಕಿಂತ ಇನ್ನೂ ಹೆಚ್ಚು ಕೆಟ್ಟಿರುವುದು ಸಾಬೀತಾದರೆ ಮಾತ್ರ ಅವರ ದಾವೆಯನ್ನು ಪರಿಗಣಿಸಬೇಕೆಂದು ಕಂಪನಿ ವಾದಿಸಿತು. ಅದಕ್ಕೆ ಆಧಾರವಾಗಿದ್ದುದು ಇದೇ ಲೆಕ್ಕ. ಅಮೆರಿಕದ ಶ್ವಾಸಕೋಶ ತಜ್ಞರ ಸಂಘ ಜನಾಂಗವನ್ನು ಪರಿಗಣಿಸದ ಸೂತ್ರವನ್ನೇ ಬಳಸಬೇಕೆಂದು ಶಿಫಾರಸು ಮಾಡಿದ್ದು 2023ರಲ್ಲಿ.

ಮೂತ್ರಪಿಂಡದ ಕಥೆ ಇನ್ನೂ ನೇರವಾದದ್ದು. ಸ್ನಾಯುಗಳಿಂದ ರಕ್ತಕ್ಕೆ ಸೇರಿ ಮೂತ್ರಪಿಂಡ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣವನ್ನು ಒಂದು ಸಮೀಕರಣಕ್ಕೆ ಹಾಕಿ ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಂದಾಜಿಸುತ್ತಾರೆ. ಕಪ್ಪು ಜನರಲ್ಲಿ ಸ್ನಾಯು ಹೆಚ್ಚಿರುತ್ತದೆ, ಆದ್ದರಿಂದ ಕ್ರಿಯಾಟಿನಿನ್ನೂ ಹೆಚ್ಚಿರುತ್ತದೆ ಎಂಬ ದುರ್ಬಲ ಊಹೆಯ ಮೇಲೆ 2009ರ ಸಮೀಕರಣ ಅವರ ಫಲಿತಾಂಶವನ್ನು 1.159ರಿಂದ ಗುಣಿಸುತ್ತಿತ್ತು. ಕಸಿಗಾಗಿ ಕಾಯುವವರ ಪಟ್ಟಿಯಲ್ಲಿ ಕಾಯುವ ಅವಧಿಯ ಎಣಿಕೆ ಶುರುವಾಗಲು ಈ ಅಂದಾಜಿನ ಸಂಖ್ಯೆ 20 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಗುಣಿಸುವ ಮೊದಲು 18 ಬಂದ ಇಬ್ಬರು ರೋಗಿಗಳಲ್ಲಿ ಬಿಳಿಯನ ಸರದಿ ಅಂದೇ ಶುರುವಾಗುತ್ತಿತ್ತು; ಕಪ್ಪು ರೋಗಿಯ ಸಂಖ್ಯೆ 20.9 ಆಗುತ್ತಿತ್ತು, ಆತ ಮೂತ್ರಪಿಂಡ ಇನ್ನಷ್ಟು ಹಾಳಾಗುವವರೆಗೆ ಕಾಯಬೇಕಿತ್ತು. ಇಲ್ಲಿ ಯಾವ ವೈದ್ಯನೂ ದ್ವೇಷದಿಂದ ನಡೆದುಕೊಂಡಿಲ್ಲ, ಬಹುಶಃ ಆತನಿಗೆ ಗುಣಿಸಿದ್ದು ಗೊತ್ತೂ ಇಲ್ಲ. ಪ್ರಯೋಗಾಲಯದ ವರದಿಯಲ್ಲಿ ಸಂಖ್ಯೆ ಸಿದ್ಧವಾಗಿಯೇ ಬರುತ್ತದೆ. 2021ರಲ್ಲಿ ತಜ್ಞರ ಸಮಿತಿ ಜನಾಂಗವಿಲ್ಲದ ಸಮೀಕರಣವನ್ನು ಶಿಫಾರಸು ಮಾಡಿತು. 2023ರ ಜನವರಿಯಿಂದ ಹಳೆಯ ಲೆಕ್ಕದಿಂದ ಕಳೆದುಹೋದ ಕಾಲವನ್ನು ರೋಗಿಗಳಿಗೆ ಮರಳಿ ಜಮಾ ಮಾಡತೊಡಗಿದರು. ಮರುವರ್ಷದ ಮಾರ್ಚ್ ವೇಳೆಗೆ ಹೀಗೆ ತಿದ್ದುಪಡಿ ಪಡೆದವರು 14,000ಕ್ಕೂ ಹೆಚ್ಚು. ಅಷ್ಟರೊಳಗೆ ತೀರಿಕೊಂಡವರ ಖಾತೆಗೆ ಜಮಾ ಮಾಡುವಂತಿರಲಿಲ್ಲ.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂತು. ಅದು ಚರ್ಮದ ಮೂಲಕ ಬೆಳಕು ಹಾಯಿಸಿ ಆಮ್ಲಜನಕವನ್ನು ಅಂದಾಜಿಸುತ್ತದೆ. ಚರ್ಮದ ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆ. ಕಪ್ಪು ರೋಗಿಗಳಲ್ಲಿ ಇದರ ಓದು ತಪ್ಪುತ್ತದೆ ಎಂದು 1990ರಲ್ಲೇ ಒಂದು ಅಧ್ಯಯನ ತೋರಿಸಿತ್ತು, ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 2020ರ ಡಿಸೆಂಬರಿನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಲೆಕ್ಕ ಹೀಗಿದೆ: ಉಪಕರಣ 92ರಿಂದ 96 ತೋರಿಸುತ್ತಿದ್ದಾಗ, ರಕ್ತಪರೀಕ್ಷೆಯಲ್ಲಿ ಆಮ್ಲಜನಕ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯರಲ್ಲಿ ಶೇ. 3.6, ಕಪ್ಪು ರೋಗಿಗಳಲ್ಲಿ ಶೇ. 11.7. ಹಾಸಿಗೆ, ಆಮ್ಲಜನಕ, ಔಷಧಿ ಯಾರಿಗೆ ಎಂಬುದನ್ನು ಇದೇ ಸಂಖ್ಯೆ ನೋಡಿ ನಿರ್ಧರಿಸುತ್ತಿದ್ದ ದಿನಗಳವು. ಅಮೆರಿಕದ ನಿಯಂತ್ರಣ ಸಂಸ್ಥೆಯ 2013ರ ಮಾರ್ಗಸೂಚಿಯ ಪ್ರಕಾರ ಇಂಥ ಉಪಕರಣದ ಪರೀಕ್ಷೆಯಲ್ಲಿ ಗಾಢವರ್ಣದ ಇಬ್ಬರು, ಅಥವಾ ಒಟ್ಟು ಜನರಲ್ಲಿ ಶೇ. 15, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಇದ್ದರೆ ಸಾಕಾಗುತ್ತಿತ್ತು.

ಯಂತ್ರಕ್ಕೆ ಬಣ್ಣ ತಿಳಿಸದಿದ್ದರೆ ಸಮಸ್ಯೆ ಮುಗಿಯುತ್ತದೆ ಎಂದೂ ಅಲ್ಲ. ಹೆಚ್ಚಿನ ಆರೈಕೆ ಯಾರಿಗೆ ಬೇಕೆಂದು ಆರಿಸಲು ಅಮೆರಿಕದ ಆಸ್ಪತ್ರೆಗಳು ಬಳಸುತ್ತಿದ್ದ ಒಂದು ತಂತ್ರಾಂಶಕ್ಕೆ ಜನಾಂಗದ ಮಾಹಿತಿಯನ್ನೇ ಕೊಟ್ಟಿರಲಿಲ್ಲ. ಅದು ಕಾಯಿಲೆಯ ತೀವ್ರತೆಯನ್ನು ಹಿಂದಿನ ಚಿಕಿತ್ಸಾ ವೆಚ್ಚದಿಂದ ಊಹಿಸುತ್ತಿತ್ತು. ಕಪ್ಪು ರೋಗಿಗಳಿಗೆ ಚಿಕಿತ್ಸೆಯೇ ಕಡಿಮೆ ಸಿಕ್ಕಿದ್ದರಿಂದ ವೆಚ್ಚವೂ ಕಡಿಮೆಯಿತ್ತು, ವೆಚ್ಚ ಕಡಿಮೆಯಿದ್ದುದರಿಂದ ಅವರು ಆರೋಗ್ಯವಂತರೆಂದು ಅದು ತೀರ್ಮಾನಿಸಿತು. 2019ರ ಅಧ್ಯಯನದ ಪ್ರಕಾರ ಈ ದೋಷ ಸರಿಪಡಿಸಿದರೆ ಆಯ್ಕೆಯಾದವರಲ್ಲಿ ಕಪ್ಪು ರೋಗಿಗಳ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತಿತ್ತು.

ಈ ವಿಷಯ ಬಂದಾಗಲೆಲ್ಲ ಅಲಬಾಮಾದ ಟಸ್ಕೀಗಿಯ ಹೆಸರು ಬರುತ್ತದೆ. 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ 399 ಕಪ್ಪು ಗಂಡಸರಿಗೆ, ಪೆನಿಸಿಲಿನ್ ಬಂದ ಮೇಲೂ, ಚಿಕಿತ್ಸೆ ಕೊಡದೆ ಸರ್ಕಾರದ ಆರೋಗ್ಯ ಇಲಾಖೆ ಅವರ ನರಳಾಟವನ್ನು ಗಮನಿಸುತ್ತ ಕುಳಿತಿತ್ತು. ಆ ಕ್ರೌರ್ಯವನ್ನು ಮರೆಯಬೇಕೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಇತ್ತೀಚೆಗೆ ಉಲ್ಲೇಖಿಸುವ ಬಗೆ ನನಗೆ ಹಿಡಿಸುವುದಿಲ್ಲ. ಟಸ್ಕೀಗಿಯಿಂದಾಗಿ ಕಪ್ಪು ಜನ ವೈದ್ಯರನ್ನು ನಂಬುವುದಿಲ್ಲ, ಆದ್ದರಿಂದ ಅವರ ಆರೋಗ್ಯ ಕೆಟ್ಟಿದೆ ಎನ್ನುವಾಗ ಕಾರಣ ಮತ್ತೆ ರೋಗಿಯ ತಲೆಯ ಮೇಲೆಯೇ ಬಂದು ಕೂರುತ್ತದೆ, ಈ ಸಲ ರಕ್ತದ ಬದಲು ಮನಸ್ಸಿನ ಹೆಸರಿನಲ್ಲಿ.

ಬಾಗಿಲು ತೆರೆದಲ್ಲಿ ಜನ ಒಳಗೆ ಹೋದದ್ದಕ್ಕೂ ದಾಖಲೆಯಿದೆ. 1966ರಲ್ಲಿ ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್ ಜಾರಿಗೆ ಬಂದಾಗ, ವರ್ಣಭೇದ ಪಾಲಿಸುವ ಆಸ್ಪತ್ರೆಗೆ ಆ ಹಣ ಸಿಗುವುದಿಲ್ಲ ಎಂಬ ಷರತ್ತು ಬಂತು. ಕೆಲವೇ ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳು ಬೇರೆ ಬೇರೆ ವಾರ್ಡುಗಳ ಪದ್ಧತಿ ಕೈಬಿಟ್ಟವು. ಮಿಸಿಸಿಪಿಯಂಥ ರಾಜ್ಯದ ಹಳ್ಳಿಗಳಲ್ಲಿ ನ್ಯುಮೋನಿಯಾ ಮತ್ತು ಭೇದಿಯಿಂದ ಸಾಯುತ್ತಿದ್ದ ಕಪ್ಪು ಶಿಶುಗಳ ಸಂಖ್ಯೆ ಅದರ ಬೆನ್ನಿಗೇ ತೀವ್ರವಾಗಿ ಇಳಿಯಿತು. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರೆ ಉಳಿಯುವ ಕಾಯಿಲೆಗಳವು.

ಇಷ್ಟು ಓದಿದವರಿಗೆ, ಹಾಗಾದರೆ ಆಸ್ಪತ್ರೆಯ ಕಡತಗಳಿಂದ ಜನಾಂಗದ ಕಲಮನ್ನೇ ತೆಗೆದುಹಾಕಬಹುದಲ್ಲವೇ ಎನ್ನಿಸಬಹುದು. ನನ್ನ ಅಭಿಪ್ರಾಯದಲ್ಲಿ ಸಮೀಕರಣದಿಂದ ಅದನ್ನು ತೆಗೆಯಬೇಕು, ಕಡತದಲ್ಲಿ ಇಟ್ಟುಕೊಳ್ಳಬೇಕು. ಕಡತದಲ್ಲಿ ಅದು ಇದ್ದುದರಿಂದಲೇ ಮಿಶಿಗನ್ನಿನ ವೈದ್ಯರಿಗೆ ಆಕ್ಸಿಮೀಟರಿನ ತಪ್ಪು ಕಂಡಿತು. ಜನಾಂಗದ ಅಂಕಿಅಂಶ ಸಂಗ್ರಹಿಸಲು 1978ರ ಕಾನೂನಿನಿಂದ ಕಟ್ಟುನಿಟ್ಟಾದ ಮಿತಿ ಇರುವ ಫ್ರಾನ್ಸಿನಲ್ಲಿ ಹುಟ್ಟಿದ ದೇಶವನ್ನು ಮಾತ್ರ ನೋಡಬಹುದು. 2020ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಹಿಂದಿನ ವರ್ಷಕ್ಕೆ ಹೋಲಿಸಿದರೆ ಫ್ರಾನ್ಸಿನಲ್ಲಿ ಹುಟ್ಟಿದವರ ಸಾವು ಶೇ. 22ರಷ್ಟು ಏರಿದ್ದರೆ, ಸಹಾರಾದ ದಕ್ಷಿಣದ ಆಫ್ರಿಕದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದವರ ಸಾವು ಶೇ. 114ರಷ್ಟು ಏರಿತ್ತು ಎಂದು ಅಲ್ಲಿನ ಅಂಕಿಅಂಶ ಸಂಸ್ಥೆ ತಿಳಿಸಿತು. ಆ ವಲಸಿಗರಿಗೆ ಫ್ರಾನ್ಸಿನಲ್ಲೇ ಹುಟ್ಟಿ, ಅದೇ ಬಡಾವಣೆಗಳಲ್ಲಿ ಬೆಳೆದ ಮಕ್ಕಳು ಸತ್ತಿದ್ದರೆ ಅವರ ಲೆಕ್ಕ ಸೇರಿರುವುದು ಆ 22ರೊಳಗೆ.