ಶಿರಾದಲ್ಲಿ ಕಾರಂಜಿ ಹುಡುಕಲು ಹೊರಟರೆ

ತುಮಕೂರಿನಿಂದ ಶಿರಾಗೆ ಬಸ್ ಹತ್ತುವ ಮೊದಲು ಒಂದಲ್ಲ, ಎರಡು ಸಲ ಕೇಳಿ: ಊರೊಳಗೆ ಹೋಗುತ್ತಾ, ಬೈಪಾಸಲ್ಲೇ ಇಳಿಸ್ತೀರಾ? ನಾನು ಒಂದೇ ಸಲ ಕೇಳಿದ್ದೆ. "ಹತ್ತಿ ಸಾರ್, ಹೋಗುತ್ತೆ" ಅಂದರು ಕಂಡಕ್ಟರ್. ಐವತ್ತು ಚಿಲ್ಲರೆ ಕಿಲೋಮೀಟರ್ ಆದ ಮೇಲೆ ಹೈವೇ ಪಕ್ಕ ಇಳಿಸಿ "ರೈಟ್ ರೈಟ್" ಅಂದುಬಿಟ್ಟರು. ಅಲ್ಲಿಂದ ಆಟೋಗೆ 150 ರೂಪಾಯಿ. ಬಸ್ ಟಿಕೆಟ್‌ಗಿಂತ ಜಾಸ್ತಿ! ಬಿಸಿಲು ಹಾಗಿತ್ತು, ಕೊಟ್ಟೆ.

ನನಗೆ ಹಳೇ ಫೋಟೋಗಳ ಹುಚ್ಚು, ಅದರಲ್ಲೂ ಅರಮನೆ ತೋಟ, ಕಾರಂಜಿಗಳದು. ಆಗೆಲ್ಲ ಒಂದು ಚಿತ್ರಕ್ಕೆ ಕ್ಯಾಮೆರಾದ ಕಣ್ಣು ತುಂಬ ಹೊತ್ತು ತೆರೆದೇ ಇರಬೇಕಿತ್ತು. ಕಲ್ಲಿನ ತೊಟ್ಟಿ ಚೆನ್ನಾಗಿ ಮೂಡುತ್ತಿತ್ತು, ಚಿಮ್ಮುವ ನೀರು ಮಾತ್ರ ಹಿಂಜಿದ ಹತ್ತಿಯ ಹಾಗೆ. ಓಡಾಡುವ ಜನರಂತೂ ಮಾಯ. ಆಗ್ರಾದಲ್ಲಿದ್ದ ಡಾಕ್ಟರ್ ಜಾನ್ ಮರ್ರೆ 1850ರ ದಶಕದಲ್ಲಿ ತಾಜ್‌ಮಹಲಿನ ಫೋಟೋ ತೆಗೆದದ್ದೂ ಹೀಗೇ, ಕಾಗದದ ನೆಗೆಟಿವ್‌ನಲ್ಲಿ.

ಶಿರಾದಲ್ಲೂ ಖಾನ್ ಬಾಗ್ ಅಂತ ಮೊಘಲರ ಕಾಲದ ತೋಟ ಇತ್ತು. ಅದನ್ನು ನೋಡಿಯೇ ಹೈದರಾಲಿ 1760ರಲ್ಲಿ ಲಾಲ್‌ಬಾಗ್ ಶುರು ಮಾಡಿಸಿದ ಅಂತಾರೆ. ಕ್ಯಾಮೆರಾ ಬಂದದ್ದು 1839ರಲ್ಲಿ, ಹೈದರ್ ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ. ಫೋಟೋ ಇಲ್ಲದಿದ್ದರೆ ಬೇಡ, ಒಂದು ಒಡೆದ ತೊಟ್ಟಿಯಾದರೂ ಸಿಗಲಿ ಅಂತ ಹೋಗಿದ್ದೆ. ಟೀ ಅಂಗಡಿಯಲ್ಲಿ ಕೇಳಿದರೆ, "ಖಾನ್ ಬಾಗಾ? ಅದ್ಯಾವ ಲೇಔಟು ಸಾರ್?"

ತೋಟ ಸಿಗಲಿಲ್ಲ, ಊಟ ಸಿಕ್ಕಿತು. ಬಸ್ ಸ್ಟ್ಯಾಂಡ್ ಹಿಂದೆ ತಗಡಿನ ಚಾವಣಿಯ ಒಂದು ಹೋಟೆಲು, ಬೋರ್ಡೂ ಇಲ್ಲ. ಬಿಸಿ ಮುದ್ದೆ, ಉಪ್ಸಾರು, ಎಲೆ ಅಂಚಿಗೆ ಒರಳಲ್ಲಿ ರುಬ್ಬಿದ ಖಾರ. ಖಾರಕ್ಕೆ ಎರಡು ಹನಿ ಸಾರು ಬಿಟ್ಟು ಬೆರಳಲ್ಲಿ ಕಲಸಿ, ಮುದ್ದೆ ಮುರಿದು ಅದ್ದಿ ನುಂಗಬೇಕು. ಕಣ್ಣಲ್ಲಿ ನೀರು ಬಂತು. ಅಜ್ಜಿ ನೋಡಿ ನಕ್ಕು, "ಮಜ್ಜಿಗೆ ಕುಡಿಯಪ್ಪ, ಇನ್ನರ್ಧ ಮುದ್ದೆ ಇಕ್ತೀನಿ" ಅಂದರು. ಎಲ್ಲ ಸೇರಿ 60 ರೂಪಾಯಿ. ಮಧ್ಯಾಹ್ನ ಎರಡರೊಳಗೆ ಹೋಗಿ, ಆಮೇಲೆ ಸಾರು ತಳ ಕಾಣುತ್ತೆ.

1651ರ ಮಲಿಕ್ ರಿಹಾನ್ ದರ್ಗಾ ತಪ್ಪಿಸಬೇಡಿ. ಜನವೇ ಇರಲಿಲ್ಲ. ಭಾನುವಾರ ನಂದಿಬೆಟ್ಟದಲ್ಲಿ ಗಾಡಿಗಳ ಸಾಲಲ್ಲಿ ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

ಸಂಜೆ ಕೋಟೆ ಹತ್ತಿರ ಮೊಬೈಲನ್ನು ಕಲ್ಲಿನ ಮೇಲೆ ಒರಗಿಸಿ, ಆ ಹಳೇ ಫೋಟೋಗಳ ಹಾಗೇ ಕ್ಯಾಮೆರಾದ ಕಣ್ಣು ಹತ್ತು ಸೆಕೆಂಡು ತೆರೆದಿಟ್ಟು ಒಂದು ಫೋಟೋ ತೆಗೆದೆ. ಬೆಳಕು ಇಳಿದ ಮೇಲೇ ತೆಗೆಯಿರಿ, ಬಿಸಿಲಲ್ಲಿ ಎಲ್ಲ ಬೆಳ್ಳಗಾಗುತ್ತೆ. ಅಷ್ಟರಲ್ಲಿ ಒಂದು ಕುರಿ ಹಿಂಡು ಅಡ್ಡ ಬಂತು. ಚಿತ್ರದಲ್ಲಿ ಹಿಂಡೆಲ್ಲ ಹೊಗೆಯ ಹಾಗೆ, ಕಾಯುವ ಹುಡುಗ ಇಲ್ಲವೇ ಇಲ್ಲ. ನಿಂತು ನನ್ನನ್ನೇ ನೋಡುತ್ತಿದ್ದ ಒಂದು ಮುದಿ ಟಗರು ಮಾತ್ರ ಕೊಂಬಿನ ಸುರುಳಿ ಸಮೇತ ಬಿದ್ದಿದೆ.

ವಾಪಸ್ ಬರುವಾಗ ಊರೊಳಗಿನ ಸ್ಟ್ಯಾಂಡಲ್ಲೇ ಬಸ್ ಹತ್ತಿ, ಸೀಟೂ ಸಿಗುತ್ತೆ.