ಕಮ್ಮಾರನ ಊರಿನಿಂದ ಎಕ್ಸೆಟರ್‌ವರೆಗೆ: ಕಾರ್ನ್‌ವಾಲ್ ಬಂಡಾಯಗಳ ಜಾಡಿನಲ್ಲಿ

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ಗೆ ಹೋಗುವವರಲ್ಲಿ ಹೆಚ್ಚಿನವರು ಕಡಲತೀರಗಳಿಗಾಗಿ ಹೋಗುತ್ತಾರೆ. ಇಂಗ್ಲೆಂಡಿನ ಅರಸೊತ್ತಿಗೆಯ ವಿರುದ್ಧ ಅಲ್ಲಿ ಎದ್ದ 1497 ಮತ್ತು 1549ರ ಬಂಡಾಯಗಳ ಜಾಡು ಹಿಡಿಯಬಯಸುವವರು ಪಶ್ಚಿಮದಿಂದ ಪೂರ್ವಕ್ಕೆ, ಅಂದರೆ ಬಂಡಾಯಗಾರರು ನಡೆದ ದಿಕ್ಕಿನಲ್ಲಿಯೇ ಸಾಗುವುದು ಒಳ್ಳೆಯದು. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಹೊರಟ ನಾನು ರೆಡ್ರುತ್‌ನಲ್ಲಿ ರೈಲಿನಿಂದ ಇಳಿದು, ಬಸ್ಸಿನಲ್ಲಿ ಹೆಲ್ಸ್ಟನ್ ತಲುಪಿ, ಅಲ್ಲಿಂದ ಲಿಝರ್ಡ್ ಪರ್ಯಾಯ ದ್ವೀಪದ ಸೇಂಟ್ ಕೆವರ್ನ್ ಎಂಬ ಸಣ್ಣ ಹಳ್ಳಿಗೆ ಹೋದೆ.

1497ರ ದಂಗೆಯನ್ನು ಮುನ್ನಡೆಸಿದ ಮೈಕೆಲ್ ಜೋಸೆಫ್ ಈ ಊರಿನವನು. ಅವನ ಹೆಸರಿಗೆ ಅಂಟಿಕೊಂಡಿರುವ 'ಆನ್ ಗೋಫ್' ಎಂಬ, ಕಾರ್ನ್‌ವಾಲ್‌ನ ಸ್ವಂತ ಭಾಷೆಯಾದ ಕಾರ್ನಿಷ್‌ನ ಮಾತಿಗೆ ಕಮ್ಮಾರ ಎಂದೇ ಅರ್ಥ. ದೂರದ ಸ್ಕಾಟ್ಲೆಂಡ್ ಗಡಿಯ ಯುದ್ಧಕ್ಕೆಂದು ಏಳನೇ ಹೆನ್ರಿ ಹೇರಿದ ತೆರಿಗೆಯನ್ನು ಕೊಡಲೊಪ್ಪದೆ, ಬಾಡ್ಮಿನ್‌ನ ವಕೀಲ ಥಾಮಸ್ ಫ್ಲಾಮಾಂಕ್‌ನೊಡನೆ ಸೇರಿ ಅವನು ಲಂಡನ್ನಿನ ಅಂಚಿನ ಬ್ಲ್ಯಾಕ್‌ಹೀತ್‌ವರೆಗೆ ಜನರನ್ನು ನಡೆಸಿಕೊಂಡು ಹೋದ. ಜೂನ್ 17ರಂದು ಸೋತ, ಹತ್ತು ದಿನಗಳ ಬಳಿಕ ಟೈಬರ್ನ್‌ನಲ್ಲಿ ಇಬ್ಬರಿಗೂ ಮರಣದಂಡನೆಯಾಯಿತು. ಐನೂರು ವರ್ಷ ತುಂಬಿದ 1997ರಲ್ಲಿ ಸ್ಥಾಪಿಸಿದ ಇವರಿಬ್ಬರ ಪ್ರತಿಮೆ ಊರಿನಲ್ಲಿದೆ.

ಇಲ್ಲಿ ಬಸ್ಸುಗಳು ವಿರಳ, ಮರಳುವ ಬಸ್ಸಿನ ವೇಳೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಾನು ಆ ಎಚ್ಚರ ವಹಿಸದೆ ಎರಡು ಗಂಟೆ ಚರ್ಚಿನ ಅಂಗಳದಲ್ಲಿ ಕುಳಿತೆ. 1548ರಲ್ಲಿ ಹೆಲ್ಸ್ಟನ್‌ನಲ್ಲಿ ಚರ್ಚಿನ ವಿಗ್ರಹಗಳನ್ನು ತೆಗೆಸಲು ಬಂದಿದ್ದ ವಿಲಿಯಂ ಬಾಡಿಯ ಕೊಲೆಗಾಗಿ ಪ್ರಾಣ ತೆತ್ತ ಪಾದ್ರಿ ಮಾರ್ಟಿನ್ ಜೆಫ್ರಿಯೂ ಇದೇ ಹಳ್ಳಿಯವನೆಂಬುದು ನೆನಪಾಗಿ, ಆ ಕಾಯುವಿಕೆ ಬೇಸರವೆನಿಸಲಿಲ್ಲ.

ಪೆನ್ರಿನ್‌ನಲ್ಲಿ 1265ರಲ್ಲಿ ಸ್ಥಾಪನೆಯಾಗಿ 1548ರಲ್ಲಿ ಮುಚ್ಚಿಹೋದ, ಪಾದ್ರಿಗಳ ಧಾರ್ಮಿಕ ಸಂಸ್ಥೆಯಾಗಿದ್ದ ಗ್ಲಾಸ್ನಿ ಕಾಲೇಜಿನ ಜಾಗದಲ್ಲಿ ಈಗ ಇರುವುದು ಹುಲ್ಲು ಮತ್ತು ಗೋಡೆಯ ಚೂರು ಮಾತ್ರ. ಕಾರ್ನಿಷ್ ಭಾಷೆಯ ಧಾರ್ಮಿಕ ನಾಟಕಗಳು ಇಲ್ಲಿ ರೂಪುಗೊಂಡವೆಂದು ವಿದ್ವಾಂಸರು ನಂಬುತ್ತಾರೆ. ಅದನ್ನು ಓದಿಕೊಂಡು ಹೋಗದಿದ್ದರೆ ನೋಡಲು ಏನೂ ಇಲ್ಲ.

ಬಾಡ್ಮಿನ್ ಪಾರ್ಕ್‌ವೇ ನಿಲ್ದಾಣದಲ್ಲಿ ಇಳಿದು ಊರು ಬಂತೆಂದುಕೊಳ್ಳಬೇಡಿ, ಪೇಟೆ ಅಲ್ಲಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿದೆ. 1549ರಲ್ಲಿ ಚರ್ಚುಗಳಲ್ಲಿ ಲ್ಯಾಟಿನ್ ಪೂಜೆಯ ಬದಲು ಇಂಗ್ಲಿಷ್ ಪ್ರಾರ್ಥನಾ ಪುಸ್ತಕವನ್ನು ಕಡ್ಡಾಯ ಮಾಡಿದಾಗ ಹಂಫ್ರಿ ಅರುಂಡೆಲ್‌ನ ನಾಯಕತ್ವದಲ್ಲಿ ಜನ ಸೇರಿದ್ದು ಇಲ್ಲಿಯೇ. ತಮ್ಮಲ್ಲಿ ಕೆಲವರಿಗೆ ಇಂಗ್ಲಿಷ್ ತಿಳಿಯದೆಂದು ಅವರು ಬೇಡಿಕೆಯಲ್ಲಿ ಬರೆದರು. ಇದನ್ನು ಬರಿಯ ಭಾಷಾ ಹೋರಾಟವೆಂದು ಬಣ್ಣಿಸುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅವರು ಮರಳಿ ಕೇಳಿದ್ದು ಲ್ಯಾಟಿನ್ ಪೂಜೆಯನ್ನು. ಆದರೂ ಕಾರ್ನಿಷ್ ಜನ ತಮ್ಮನ್ನು ಬೇರೆಯೆಂದು ಹೇಳಿಕೊಂಡ ಮಾತು ಆ ಬೇಡಿಕೆಯೊಳಗಿದೆ. ದಂಗೆ ಅಡಗಿದ ಮೇಲೆ ಆಂಟನಿ ಕಿಂಗ್‌ಸ್ಟನ್ ಎಂಬ ಅಧಿಕಾರಿ ಬಾಡ್ಮಿನ್ ಮೇಯರ್ ನಿಕೋಲಸ್ ಬೋಯರ್‌ನ ಮನೆಯಲ್ಲಿ ಊಟ ಮಾಡಿ, ಅವನಿಂದಲೇ ಸಿದ್ಧಗೊಂಡಿದ್ದ ಗಲ್ಲುಗಂಬಕ್ಕೆ ಅವನನ್ನೇ ಏರಿಸಿದನೆಂದು ಹಳೆಯ ವೃತ್ತಾಂತಗಳು ಹೇಳುತ್ತವೆ.

ಕೊನೆಯ ದಿನವನ್ನು ಡೆವನ್‌ನ ಎಕ್ಸೆಟರ್‌ಗೆ ಮೀಸಲಿಡಿ. 1549ರ ಬಂಡಾಯಗಾರರು ಐದು ವಾರ ಮುತ್ತಿದರೂ ಈ ಕೋಟೆನಗರ ಮಣಿಯಲಿಲ್ಲ. ಗೋಡೆಯ ಬಹುಭಾಗ ಇಂದಿಗೂ ನಿಂತಿದೆ. ರಾಜನ ಸೈನಿಕರು ಸುಮಾರು 900 ಬಂಡಾಯಗಾರ ಸೆರೆಯಾಳುಗಳನ್ನು ಕೊಂದರೆನ್ನಲಾದ ಕ್ಲಿಸ್ಟ್ ಹೀತ್ ಊರಂಚಿನಲ್ಲಿದೆ. ಅಲ್ಲಿ ಈಗ ಸಾಲುಸಾಲು ಮನೆಗಳಿವೆ.