ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಇಕ್ಕಳ ಹಿಡಿದು ಸಿಂಪಿ ಎತ್ತುವುದು: ಎರಡನೇ ಸೀಸನ್‌ನ ಟಿಪ್ಪಣಿ

ಈ ಸಲ ನೀರಿನ ತಳ ಕೈಗೆ ಗೊತ್ತಾಗೋಕೆ ಶುರುವಾಗಿದೆ. ಕಳೆದ ಸೀಸನ್‌ಗೂ ಈಗಕ್ಕೂ ದೊಡ್ಡ ವ್ಯತ್ಯಾಸ ಇದೇ.

ಸಿಂಪಿ ಎತ್ತುವ ಇಕ್ಕಳ ಅಂದರೆ ಎರಡು ಉದ್ದನೆಯ ಮರದ ಕೋಲು. ಕತ್ತರಿಯ ಹಾಗೆ ಒಂದನ್ನೊಂದು ಹಾದು, ಒಂದು ಪಿನ್ನಿನಲ್ಲಿ ಕೂಡಿರುತ್ತವೆ. ಕೆಳತುದಿಯಲ್ಲಿ ಎದುರುಬದುರಾಗಿ ಎರಡು ಕಬ್ಬಿಣದ ಬುಟ್ಟಿ, ಅವಕ್ಕೆ ಹಲ್ಲು. ನನ್ನದು 14 ಅಡಿಯದು. ನಾನು ಹೋಗುವ ಕಡೆ ನೀರು ಕಡಿಮೆ, ಅಷ್ಟೇ ಸಾಕು. ಇದನ್ನೇ ಕಸುಬು ಮಾಡಿಕೊಂಡವರು 20 ಅಡಿ ದಾಟಿದ ಕೋಲನ್ನೂ ಹಿಡಿಯುತ್ತಾರೆ. ಚಳಿಗಾಲದ ಗಾಳಿಯಲ್ಲಿ, ದೋಣಿಯ ಅಂಚಿನ ಮೇಲೆ ನಿಂತು, ಒದ್ದೆ ಮರದ ಜೊತೆ ಬುಟ್ಟಿ ತುಂಬ ಚಿಪ್ಪನ್ನೂ ಎತ್ತುವ ಕೆಲಸ ಅದು. ಅವರ ಮೇಲಿನ ಗೌರವ ಈಗ ಇನ್ನೂ ಜಾಸ್ತಿಯಾಗಿದೆ.

ಅಕ್ಟೋಬರ್ ಪೂರ್ತಿ ತಳವನ್ನು ಓದುವುದನ್ನೇ ಅಭ್ಯಾಸ ಮಾಡಿದೆ. ನೀರು ಕಲಕಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಎಲ್ಲ ಸುದ್ದಿಯೂ ಕೋಲಿನ ಮೂಲಕವೇ ಬರಬೇಕು. ಕೆಸರಿದ್ದರೆ ಇಕ್ಕಳ ಸದ್ದಿಲ್ಲದೆ ಇಳಿದುಬಿಡುತ್ತದೆ. ಮರಳಿದ್ದರೆ ಹಲ್ಲು ಸಣ್ಣಗೆ ಉಜ್ಜಿದ ಹಾಗೆ ಅನಿಸುತ್ತದೆ. ಸಿಂಪಿ ಇದ್ದರೆ ಕಟಕಟ ಅಂತ ಅಂಗೈಗೇ ಬಡಿಯುತ್ತದೆ. ಬರೀ ಸತ್ತ ಚಿಪ್ಪಿದ್ದರೂ ಸದ್ದು ಬರುತ್ತದೆ, ಆದರೆ ಎತ್ತುವಾಗ ಭಾರ ಕಡಿಮೆ. ಈ ಕೊನೆಯ ವ್ಯತ್ಯಾಸ ಹಿಡಿಯೋಕೆ ನನಗೆ ತುಂಬಾ ಸಮಯ ಬೇಕಾಯಿತು.

ನವೆಂಬರ್‌ನಲ್ಲಿ ಕೈಗೆ ಲಯ ಸಿಕ್ಕಿತು. ಹಿಡಿಗಳನ್ನು ಅಗಲಿಸಿದರೆ ಕೆಳಗೆ ಬುಟ್ಟಿಯೂ ಅಗಲುತ್ತದೆ. ಒಂದೇ ಸಲಕ್ಕೆ ಜೋರಾಗಿ ಮುಚ್ಚಿದರೆ ಹಲ್ಲುಗಳು ಸಿಂಪಿಯ ಮೇಲೆಯೇ ಜಾರಿಹೋಗುತ್ತವೆ. ಸ್ವಲ್ಪ ಮುಚ್ಚಿ, ಸ್ವಲ್ಪ ಬಿಟ್ಟು, ಮತ್ತೆ ಮುಚ್ಚಿ, ಹೀಗೆ ಸಣ್ಣಸಣ್ಣಗೆ ಕೆರೆಯುತ್ತಾ ನಡುವೆ ಗುಡ್ಡೆ ಮಾಡಬೇಕು. ಆಮೇಲೆ ಹಿಡಿಗಳನ್ನು ಒತ್ತಿ ಹಿಡಿದುಕೊಂಡೇ ಕೈಮೇಲೆ ಕೈ ಹಾಕಿ ಎಳೆಯಬೇಕು. ಅರ್ಧದಲ್ಲಿ ಹಿಡಿತ ಸಡಿಲಿಸಿದರೆ ಅಷ್ಟೂ ನೀರುಪಾಲು.

ನನಗೆ ಅತಿ ಇಷ್ಟವಾದ ಭಾಗ ಮಾತ್ರ ಆಮೇಲಿನದು, ಆರಿಸುವುದು. ನಾನಿರುವ ಮೇರಿಲ್ಯಾಂಡ್ ರಾಜ್ಯದಲ್ಲಿ 3 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ಅಲ್ಲೇ ಆರಿಸಿ, ಅಲ್ಲೇ ನೀರಿಗೆ ಬಿಡಬೇಕು. ಮೊನ್ನೆ ಒಂದು ಗೊಂಚಲು ಬಂತು. ನಡುವೆ ಅಂಗೈಯಷ್ಟು ದೊಡ್ಡ ಸಿಂಪಿ, ಪಕ್ಕದಲ್ಲಿ ಖಾಲಿ ಚಿಪ್ಪು. ಆ ಚಿಪ್ಪಿನ ತುಂಬ ಉಗುರಿನಷ್ಟಗಲದ ಮರಿಗಳು, ಅಂಚು ಕಾಗದದಷ್ಟು ತೆಳು. ಸಣ್ಣ ಸುತ್ತಿಗೆಯಿಂದ ಬುಡದಲ್ಲಿ ಮೆಲ್ಲಗೆ ತಟ್ಟಿ ದೊಡ್ಡದನ್ನು ಬಿಡಿಸಿದೆ. ಮರಿಗಳಿದ್ದ ಚಿಪ್ಪು ವಾಪಸ್ ನೀರಿನ ತಳದ ಸಿಂಪಿ ದಿಬ್ಬಕ್ಕೆ ಹೋಯಿತು. ಸಿಂಪಿಯ ಮರಿ ಹುಟ್ಟಿದ ಮೇಲೆ ಎರಡು ಮೂರು ವಾರ ನೀರಲ್ಲಿ ತೇಲಾಡಿ, ಆಮೇಲೆ ಗಟ್ಟಿ ಜಾಗ ಹುಡುಕಿ ಅಂಟಿಕೊಳ್ಳುತ್ತದೆ. ಹಳೆ ಚಿಪ್ಪು ಅದಕ್ಕೆ ಎಲ್ಲಕ್ಕಿಂತ ಒಳ್ಳೆಯ ಜಾಗ. ಕೆಸರಲ್ಲಿ ಬಿದ್ದರೆ ಉಸಿರುಕಟ್ಟಿ ಸಾಯುತ್ತದೆ. ಹಾಗಾಗಿ ಖಾಲಿ ಚಿಪ್ಪನ್ನೂ ಸುಮ್ನೆ ದಡಕ್ಕೆ ತರಬಾರದು. ಬೆಳೆದ ಒಂದು ಸಿಂಪಿ ದಿನಕ್ಕೆ ಸುಮಾರು 190 ಲೀಟರ್‌ವರೆಗೂ ನೀರು ಸೋಸಬಲ್ಲದು. ಮರಿಗಳನ್ನು ಉಳಿಸುವುದು ಕೊಲ್ಲಿಯನ್ನೇ ಉಳಿಸಿದ ಹಾಗೆ ಅಲ್ವಾ?

ಮನೆಗೆಂದು ಹಿಡಿಯುವವರಿಗೆ ಇಲ್ಲಿ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಅವಕಾಶ. ಒಬ್ಬರಿಗೆ ದಿನಕ್ಕೆ 100ರ ಮಿತಿ. ಅಷ್ಟು ನನಗೆ ಯಾವತ್ತೂ ಬೇಕಾಗಿಲ್ಲ.

ಜನವರಿಯ ಕೆಲಸ: ಒಂದು ಹಲ್ಲು ಬಾಗಿದೆ, ಅದನ್ನು ನೆಟ್ಟಗೆ ಮಾಡಿಸಬೇಕು. ಪಿನ್ನಿನ ತೂತು ಸವೆದು ಕೋಲುಗಳು ಅಲ್ಲಾಡುತ್ತಿವೆ. ಆ ಅಲ್ಲಾಟದಲ್ಲಿ ತಳದ ಸುಳಿವು ಕೈಗೆ ಸರಿಯಾಗಿ ಬರುವುದಿಲ್ಲ, ಹಾಗಾಗಿ ಮೊದಲು ಅದೇ.